ಕ್ಯಾಮೆರಾ ಹೊರಗೆ ಮಾತ್ರ

ಮಾರ್ಚ್ 3, ಸೋಮವಾರ. ಬೆಳಗ್ಗೆ 6:30

ಹಾಲು ಕಾಯಿಸಿದ್ದಾಯಿತು. ಅತ್ತೆಯ ಮಾತ್ರೆ ಡಬ್ಬಿ ತುಂಬಿದ್ದಾಯಿತು. ಡ್ಯೂಟಿ ಎಂಟಕ್ಕೆ.

ಮೊನ್ನೆ ಆತ ಮತ್ತೆ ಬಂದಿದ್ದನಂತೆ. ನಾನು ಆಸ್ಪತ್ರೆಯಲ್ಲಿರುವ ಹೊತ್ತು ನೋಡಿಕೊಂಡೇ ಬರುತ್ತಾನೆ. ಗೇಟು ಅಲ್ಲಾಡಿಸಿ, "ಅಮ್ಮ, ಅವಳು ನಿನ್ನ ತಲೆ ಕೆಡಿಸಿದಾಳೆ, ಹೊರಡು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಟ. ಫೋನ್ ಮಾಡಿ ಕೇಳಿದರೆ— "ನಾನಾ? ನಾನು ಆ ಕಡೆ ತಲೆ ಹಾಕಿ ಕೂಡ ಮಲಗಿಲ್ಲ!"

ಹದಿನೇಳು ವರ್ಷ ಡೈರಿಯಲ್ಲಿ 'ಇವರು' ಎಂದು ಬರೆದೆ. ಆ ಮನೆ ಬಿಟ್ಟು ಐದು ತಿಂಗಳಾಯಿತು. ಇನ್ನು 'ಆತ'. ಅಷ್ಟು ಮರ್ಯಾದೆ ಸಾಕು.

ಆ ಮನೆಯ ಬಾಗಿಲಿಗೆ ಒಂದೇ ಕೀಲಿ. ಅದು ಆತನ ಜೇಬಿನಲ್ಲಿ. ನಾನು ಡ್ಯೂಟಿಗೆ ಹೋದ ಮೇಲೆ ಅತ್ತೆಯನ್ನು ಒಳಗಿಟ್ಟು ಬೀಗ. "ವಯಸ್ಸಾಗಿದೆ, ಎಲ್ಲಾದ್ರೂ ಬಿದ್ರೆ?" ನಾನು ಪೆಟ್ಟಿಗೆ ಕಟ್ಟಿದ ದಿನ ಅತ್ತೆ ರೂಮಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು. "ನಂದೂ ಎರಡು ಜೊತೆ ಬಟ್ಟೆ ಇಟ್ಕೋ." ಹೆತ್ತ ಮಗನನ್ನು ಬಿಟ್ಟು ಸೊಸೆಯ ಹಿಂದೆ ಬಂದವರು. ನಗುವವರು ನಗಲಿ.

ತೀರ್ಮಾನ ಮಾಡಿದ್ದೇನೆ. ಎರಡು ಕ್ಯಾಮೆರಾ. ಒಂದು ಗೇಟಿಗೆ, ಒಂದು ಹಿತ್ತಿಲಿಗೆ. ಬಂದಿಲ್ಲ ಅನ್ನಲಿ ಆಮೇಲೆ.

ಮಾರ್ಚ್ 5, ಬುಧವಾರ

ಇಂಟರ್ನೆಟ್ ಬಂತು. ಲೈನ್ ಎಳೆಯಲು ಬಂದವನು ಬಾಗಿಲಲ್ಲೇ ನಿಂತು ಒಳಗೆ ಇಣುಕಿದ. "ಮನೇಲಿ ಗಂಡಸರು ಯಾರೂ ಇಲ್ವಾ ಮೇಡಂ? ಸೆಟ್ಟಿಂಗ್ ತೋರಿಸ್ಬೇಕಿತ್ತು."

"ನಂಗೆ ತೋರಿಸಿ."

"ಅಲ್ಲ, ಸ್ವಲ್ಪ ಟೆಕ್ನಿಕಲ್ಲು..."

ಆಸ್ಪತ್ರೆಯ ಟೆಲಿಫೋನ್ ಸ್ವಿಚ್‌ಬೋರ್ಡಿನಲ್ಲಿ ಇಪ್ಪತ್ತೊಂದು ವರ್ಷ. ನೂರ ನಲವತ್ತು ಎಕ್ಸ್‌ಟೆನ್ಷನ್ ಬಾಯಿಪಾಠ. ನನಗೆ ಲೈನಿನ ಪಾಠ ಹೇಳಲು ಬಂದ. ರೌಟರನ್ನು ಕಬ್ಬಿಣದ ಬೀರುವಿನ ಪಕ್ಕ ಇಡಲು ಹೊರಟಿದ್ದ. ಸಿಗ್ನಲ್ ಆ ಬೀರು ದಾಟಿ ಗೇಟಿಗೆ ಹೋಗುತ್ತದಾ ಎಂದು ಕೇಳಿದೆ. ತೆಪ್ಪಗೆ ಕಿಟಕಿಯ ಹತ್ತಿರ ಇಟ್ಟ.

ಅತ್ತೆಯ ಫೋನೇ ತಲೆನೋವು. ಸಿಮ್ ಇಲ್ಲ, ವೈಫೈ ಇದ್ದರೇ ಮಾತು; ಪರದೆ ಒಡೆದಿದೆ, ಕೆಳಗಿನ ಸಾಲಿನ ಅಕ್ಷರ ಒತ್ತಿದರೆ ಮೂಡುವುದಿಲ್ಲ. ಹೊಸ ಪಾಸ್‌ವರ್ಡ್ ಹಾಕುವುದು ಹೇಗೆ? ಉಪಾಯ ಹೊಳೆಯಿತು. ಹಳೆಯ ಮನೆಯ ವೈಫೈಗೆ ಇದ್ದ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ ಇದಕ್ಕೂ ಇಟ್ಟೆ. ಫೋನು ತಾನಾಗಿಯೇ ಸೇರಿಕೊಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 9, ಭಾನುವಾರ. ಸಂಜೆ

ಕೈ ಬೊಬ್ಬೆ. ಆದರೂ ಹಾಕಿದೆ!

ಡ್ರಿಲ್ ಎದುರುಮನೆ ಬಡಗಿಯದು. "ನಾನೇ ಹಾಕ್ಕೊಡ್ತೀನಿ ಅಕ್ಕ" ಅಂದ. ಡ್ರಿಲ್ ಕೊಡಿ ಸಾಕು ಅಂದೆ. ಮೊದಲ ತೂತು ಸೊಟ್ಟ. ಅತ್ತೆ ಕೆಳಗೆ ಏಣಿ ಹಿಡಿದುಕೊಂಡು— "ಗೋಡೆ ಏನ್ ಮಾಡಿತ್ತೇ ನಿಂಗೆ?" ನಗುವಿಗೆ ಎರಡನೆಯದೂ ಸೊಟ್ಟ.

ಮೇಲೆ ಹಾಕಿದ ಮೇಲೆ ಕ್ಯಾಮೆರಾ ವೈಫೈ ಹಿಡಿಯಲೇ ಇಲ್ಲ. ಒಂದು ಗಂಟೆ ಏಣಿ ಹತ್ತಿದೆ, ಇಳಿದೆ. ಕೊನೆಗೆ ಗೊತ್ತಾಯಿತು— ರೌಟರಿನಿಂದ ಎರಡು ವೈಫೈ ಬರುತ್ತದೆ, ವೇಗದ್ದು ಇದಕ್ಕೆ ಆಗಿಬರುವುದಿಲ್ಲ, ನಿಧಾನದ್ದೇ ಬೇಕು. ಸಣ್ಣ ಅಕ್ಷರದಲ್ಲಿ ಡಬ್ಬಿಯ ತಳದಲ್ಲಿ ಬರೆದಿದ್ದಾರೆ ಪುಣ್ಯಾತ್ಮರು.

ಆ್ಯಪ್ ಇಮೇಲ್ ಕೇಳಿತು. ಮನೆಯ ಹಳೆಯ ಇಮೇಲೇ ಕೊಟ್ಟೆ. ಪಾಸ್‌ವರ್ಡೂ ಅದೇ. ಎಲ್ಲಕ್ಕೂ ಒಂದೇ ಇದ್ದರೆ ಮರೆಯುವ ಗೋಳಿಲ್ಲ.

ಗೇಟಿನ ಕ್ಯಾಮೆರಾದಲ್ಲಿ ಬಡಗಿಯ ಮನೆ ಬಾಗಿಲು ಕಾಣುತ್ತಿತ್ತು. ಒಂದಿಷ್ಟು ತಿರುಗಿಸಿದೆ. ಬೋರ್ಡಿನಲ್ಲಿ ನಾನು ಕಲಿತ ಮೊದಲ ಪಾಠ— ಲೈನ್ ಕೊಟ್ಟ ಮೇಲೆ ಕಿವಿ ತೆಗೆಯಬೇಕು. ಅವರವರ ಮಾತು ಅವರವರದು.

"ಮನೆ ಒಳಗೆ ಬೇಡ ಕಣೇ" ಅಂದರು ಅತ್ತೆ.

"ಹೊರಗೆ ಮಾತ್ರ ಅತ್ತೆ."

ಮಾರ್ಚ್ 11

ಡ್ಯೂಟಿಯಲ್ಲಿ ನಲವತ್ಮೂರು ಸಲ ಟಿಂಗ್. ಬೆಕ್ಕು. ಎಲೆ. ಪೋಸ್ಟಿನವನು. ಮತ್ತೆ ಬೆಕ್ಕು. ಸೂಪರ್‌ವೈಸರ್ ಕಣ್ಣಲ್ಲೇ ಸುಟ್ಟರು. ಡ್ಯೂಟಿ ಮುಗಿಯುವ ತನಕ ಸದ್ದು ಬಂದ್ ಮಾಡಿದ್ದೇನೆ. ಸಂಜೆ ನೋಡಿಕೊಂಡರಾಯಿತು.

ಮಾರ್ಚ್ 14, ಶುಕ್ರವಾರ

ಆತ ಬಂದ. ಕ್ಯಾಮೆರಾದಲ್ಲಿ ಸಿಕ್ಕಿದ. ಇಂಗು ತಿಂದ ಮಂಗನ ಹಾಗೆ ಆಗಬೇಕಿತ್ತು ಮುಖ. ಆಗಲಿಲ್ಲ. ಗೇಟು ಮುಟ್ಟದೆ ನಿಂತ, ಕ್ಯಾಮೆರಾವನ್ನೇ ನೋಡಿದ, ನಕ್ಕ, ಹೋದ.

ಯಾಕೆ ನಕ್ಕ?

ಮಾರ್ಚ್ 20, ಗುರುವಾರ

ಅತ್ತೆಯ ತಮ್ಮನ ಫೋನು. ರಿಟೈರಾಗಿ ಹತ್ತು ವರ್ಷವಾದರೂ ಮನೆಯವರಿಗೂ ಅವರು ಮೇಷ್ಟ್ರೇ. ಆ ಕಡೆಯ ಸಂಬಂಧದಲ್ಲಿ ಅವರ ಮಾತೇ ಕೊನೆ.

"ಭಾನುವಾರ ಬರ್ತೀವಮ್ಮ, ಅವನೂ ನಾನೂ. ಅಕ್ಕನ್ನ ಕರ್ಕೊಂಡು ಹೋಗೋದೇ ಸರಿ ಅನ್ಸುತ್ತೆ. ಈ ವಯಸ್ಸಲ್ಲಿ ಸ್ಟೂಲ್ ಹತ್ತಿ ಕ್ಯಾಮೆರಾ ಒರೆಸ್ತಾಳಂತೆ? ಕೋಲು ಇಲ್ದೆ ಹಿತ್ತಿಲಿಗೆ ಇಳೀತಾಳಂತೆ?"

ಅಂತೆ! ಅತ್ತೆ ಸ್ಟೂಲ್ ಹತ್ತಿದ್ದು ಮೊನ್ನೆ ಬೆಳಗ್ಗೆ. ನೋಡಿ ಬೈದವಳು ನಾನೊಬ್ಬಳೇ. ಇವರಿಗೆ ಹೇಳಿದವರು ಯಾರು?

ಆ್ಯಪ್ ತೆಗೆದು ಹುಡುಕಿದೆ. ಒಂದು ಪಟ್ಟಿ ಇದೆ, ಯಾವ ಯಾವ ಫೋನಿನಲ್ಲಿ ಈ ಕ್ಯಾಮೆರಾ ನೋಡುತ್ತಿದ್ದಾರೆ ಎಂದು. ಎರಡು ಫೋನು. ಒಂದು ನನ್ನದು.

ಆ ಇಮೇಲು ನನ್ನೊಬ್ಬಳದೇ ಅಲ್ಲ, ಆತನದೂ. 'ನಿಮ್ಮ ಹೊಸ ಕ್ಯಾಮೆರಾಗೆ ಸ್ವಾಗತ' ಎಂಬ ಪತ್ರ ಆ ದಿನವೇ ಆತನ ಫೋನಿಗೂ ಹೋಗಿದೆ. ಪಾಸ್‌ವರ್ಡು ಹದಿನೇಳು ವರ್ಷದ್ದು. ಕಳ್ಳನಿಗೆ ಹೆದರಿ ಬೀಗ ತಂದು, ಕೀಲಿಯನ್ನು ಕಳ್ಳನ ಕೈಗೇ ಕೊಟ್ಟು ಬಂದಿದ್ದೇನೆ.

ಪಟ್ಟಿಯಿಂದ ಆತನ ಫೋನು ತೆಗೆದುಹಾಕಲು ಹೊರಟಾಗ ಅತ್ತೆ ನನ್ನ ಕೈ ಹಿಡಿದರು. "ತಡಿ. ಭಾನುವಾರದವರೆಗೂ ಇರ್ಲಿ."

"ಕದ್ದು ನೋಡ್ತಿದಾರೆ ಅತ್ತೆ!"

"ನೋಡ್ಲಿ. ಕದ್ದು ನೋಡೋವ್ನು ಬಾಯ್ಬಿಡ್ದೆ ಇರಲ್ಲ. ನನ್ನ ಮಗ ಅಲ್ವಾ, ನಂಗೆ ಗೊತ್ತಿಲ್ವಾ?"

ಮಾರ್ಚ್ 21

ಬೆಳಗ್ಗೆ ಅತ್ತೆ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಕ್ಯಾಮೆರಾಗೆ ಎದುರಾಗಿ ಕೂತು, ಅರ್ಧ ಗಂಟೆ ತಲೆ ಬಾಚಿಕೊಂಡರು. ಎದ್ದು ಹೋಗುವಾಗ ನಾಲಿಗೆ ಚಾಚಿದರು. ಎಪ್ಪತ್ನಾಲ್ಕು ವಯಸ್ಸು!

ನಾನು ನಕ್ಕೆ. ಆದರೆ ಭಯವಾಗುತ್ತಿದೆ. ಅವರು ಹೋಗಿಬಿಟ್ಟರೆ ಈ ಮನೆ ಯಾಕೆ ಬೇಕು ನನಗೆ. ಬರೆದುಬಿಟ್ಟೆ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 3:00

ಹೋದರು. ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಮೇಷ್ಟ್ರು ಕುರ್ಚಿಯಲ್ಲಿ. ಆತ ನಿಂತೇ ಇದ್ದ. ಅತ್ತೆ ಮಂಚದ ಮೇಲೆ. ಆತ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟ. "ನೋಡಿ ಮಾವ. ಇವಳು ನಮ್ಮಮ್ಮನ್ನ ನೋಡ್ಕೊಳ್ಳೋ ಚೆಂದ."

ಮಂಗಳವಾರದ ವಿಡಿಯೋ, ಹಿತ್ತಿಲ ಕ್ಯಾಮೆರಾದ್ದು. ಮಧ್ಯಾಹ್ನ ಎರಡು ಹತ್ತು. ಅತ್ತೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಬರುತ್ತಾರೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ. ತಾನಾಗಿ ಬೀಗ ಬೀಳುವ ಬಾಗಿಲು. ಕೀಲಿ ಒಳಗೆ, ಫೋನು ಒಳಗೆ, ಚಪ್ಪಲಿ ಒಳಗೆ. ತಳ್ಳುತ್ತಾರೆ. ಕೂಗುತ್ತಾರೆ. ಮೆಟ್ಟಿಲ ಮೇಲೆ ಕೂರುತ್ತಾರೆ. ಕೂತೇ ಇರುತ್ತಾರೆ. ನಾಲ್ಕೂಕಾಲಿಗೆ ಬಡಗಿ ಕೆಲಸದಿಂದ ಬಂದು ದನಿ ಕೇಳಿಸಿಕೊಂಡು, ಕಿಟಕಿಯಿಂದ ಕೈ ಹಾಕಿ ಬಾಗಿಲು ತೆಗೆಯುತ್ತಾನೆ.

ನನಗೆ ಗೊತ್ತೇ ಇರಲಿಲ್ಲ. ಅತ್ತೆ ಹೇಳಿರಲಿಲ್ಲ. ಫೋನಿನ ಸದ್ದು ಬಂದ್ ಮಾಡಿದವಳು ನಾನು. ಆ ಸಂಜೆ ಸುಸ್ತಾಗಿ, ನೋಡದೆ ಮಲಗಿದವಳೂ ನಾನೇ.

"ಏನಮ್ಮ ಇದು?" ಮೇಷ್ಟ್ರು ನನ್ನ ಕಡೆ ತಿರುಗಿದರು.

ಅತ್ತೆ ಕೇಳಿದರು, ಮಗನನ್ನು. "ಇದನ್ನ ನೀನು ಯಾವಾಗ ನೋಡ್ದೆ?"

"ಆವಾಗ್ಲೇ. ಲೈವ್. ಎರಡು ಗಂಟೆ ಐದು ನಿಮಿಷ, ಒಂದು ಸೆಕೆಂಡೂ ಬಿಟ್ಟಿಲ್ಲ." ಹೆಮ್ಮೆಯಿಂದ ಹೇಳಿದ.

"ಎಲ್ಲಿ ಕೂತು ನೋಡ್ದೆ?"

"ಆಫೀಸಲ್ಲಿ."

ಆತನ ಆಫೀಸು ಇಲ್ಲಿಂದ ಹತ್ತು ನಿಮಿಷ.

"ಕಾಲಿಗೆ ಬಿಸಿಲು ಬಂತು ಅಂತ ಕಾಲು ಮೇಲೆತ್ತಿ ಕೂತೆನಲ್ಲ... ಅದೂ ಕಾಣ್ತಾ?"

ಮೇಷ್ಟ್ರು ಕನ್ನಡಕ ತೆಗೆದರು. "ನೀನು ಬರ್ದಿದ್ರೂ ಹೋಗ್ಲಿ. ಇವಳಿಗೊಂದು ಫೋನ್ ಮಾಡ್ಬಹುದಿತ್ತಲ್ಲೋ."

"ಮಾಡಿದ್ರೆ ಪ್ರೂಫ್ ಎಲ್ಲಿ ಸಿಗ್ತಿತ್ತು ಮಾವ?"

ಹೇಳಿಯೇಬಿಟ್ಟ. ತಾನು ಏನು ಹೇಳಿದೆ ಎಂದು ನಮ್ಮ ಮುಖ ನೋಡಿದ ಮೇಲೆ ಗೊತ್ತಾಯಿತು ಆತನಿಗೆ. ಮೇಷ್ಟ್ರು ಫೋನನ್ನು ವಾಪಸು ಕೊಡಲಿಲ್ಲ, ಮಂಚದ ಮೇಲೆ ಎಸೆದರು. "ಅಕ್ಕ ಇಲ್ಲೇ ಇರ್ತಾಳೆ. ನಡಿ."

ಅತ್ತೆ ಅಳಲಿಲ್ಲ. ಬಾಗಿಲವರೆಗೂ ಹೋಗಿ ಹೇಳಿದರು. "ನನ್ನ ನೋಡ್ಬೇಕು ಅನ್ಸಿದ್ರೆ ಬಾ. ಗೇಟು ತಟ್ಟು. ನಾನು ತೆಗೆದ್ರೆ ಒಳಗೆ ಬಾ. ತೆಗೀದೆ ಇದ್ರೆ ಇನ್ನೊಂದಿನ ಬಾ."

ಆಮೇಲೆ ಆ್ಯಪಿನ ಪಟ್ಟಿ ತೆಗೆದೆ. 'ಈ ಫೋನನ್ನು ತೆಗೆದುಹಾಕಬೇಕೇ?' ಎಂದು ಕೇಳಿತು. ಅತ್ತೆ ತಮ್ಮ ಬೆರಳಿನಿಂದಲೇ ಒತ್ತಿದರು. ಹೊಸ ಇಮೇಲ್. ಹೊಸ ಪಾಸ್‌ವರ್ಡ್. ವೈಫೈದೂ ಬದಲಾಯಿತು. ಒಡೆದ ಪರದೆಯಲ್ಲಿ ಅದನ್ನು ಒತ್ತಲಾಗದು; ಅತ್ತೆಗೆ ಹೊಸ ಫೋನು ಬರುವವರೆಗೂ ಇಂಟರ್ನೆಟ್ ಜೊತೆ ಬಂದ ಲ್ಯಾಂಡ್‌ಲೈನೇ ಗತಿ.

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ ಈಗ. ತಟ್ಟಿಲ್ಲ ನಾನು.

ಮಾರ್ಚ್ 25, ಮಂಗಳವಾರ

ಎರಡು ದಿನದಿಂದ ಮೆಟ್ಟಿಲ ಮೇಲೆ ಕೂತ ಅತ್ತೆಯೇ ಕಣ್ಣ ಮುಂದೆ. ಫೋನಿನಲ್ಲಿ ಮೂರನೇ ಕ್ಯಾಮೆರಾ ಹುಡುಕಿದೆ. ಹಾಲಿಗೆ ಒಂದು. ಸಾಧ್ಯವಾದರೆ ಅವರ ರೂಮಿಗೂ ಒಂದು.

ಅತ್ತೆಗೆ ತೋರಿಸಿದೆ. "ನಿಮ್ಮ ಒಳ್ಳೇದಕ್ಕೇ ಅತ್ತೆ. ಬಿದ್ದುಗಿದ್ದರೆ..."

ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ಅವನೂ ಒಳ್ಳೇದಕ್ಕೇ ಬೀಗ ಹಾಕ್ತಿದ್ದ."

ಕೆನ್ನೆಗೆ ಹೊಡೆದ ಹಾಗಾಯಿತು. ಸಿಟ್ಟು ಬಂತು. ನನ್ನನ್ನು ಆತನ ಜೊತೆ ತಕ್ಕಡಿಯಲ್ಲಿ ಇಡುವುದಾ? ಊಟದ ಹೊತ್ತಿಗೆ ಅವರು ಹೇಳಿದ್ದೇ ಸರಿ ಅನ್ನಿಸಿತು. ಅದಕ್ಕೂ ಸಿಟ್ಟು.

ಬಡಗಿಯನ್ನು ಕರೆದು ತಾನಾಗಿ ಬೀಳುವ ಆ ಬೀಗ ಕಿತ್ತುಹಾಕಿಸಿದೆ. ಚಿಲಕ ಸಾಕು. ಗೇಟಿನ ಕ್ಯಾಮೆರಾದ ಸದ್ದು ಮತ್ತೆ ಹಾಕಿದ್ದೇನೆ, ಮನುಷ್ಯರು ಕಂಡರೆ ಮಾತ್ರ. ಸೂಪರ್‌ವೈಸರ್ ಸುಡುವುದಾದರೆ ಸುಡಲಿ.

ಮಾರ್ಚ್ 28, ಶುಕ್ರವಾರ. ಡ್ಯೂಟಿಯಲ್ಲಿ, 10:40

ಲಾಗ್ ಪುಸ್ತಕದ ಕೆಳಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

10:20ಕ್ಕೆ ಟಿಂಗ್. ಗೇಟಿನಲ್ಲಿ ಅತ್ತೆ. ಒಳ್ಳೆಯ ಬಟ್ಟೆ ಉಟ್ಟಿದ್ದಾರೆ. ಕೈಯಲ್ಲಿ ಚೀಲ. ಕೋಲು ಇಲ್ಲ. ಗೇಟು ತೆಗೆದು, ಹೊರಗಿನಿಂದ ಎಳೆದುಕೊಂಡು, ಎಡಕ್ಕೆ ಹೊರಟರು. ಬಸ್‌ಸ್ಟಾಪ್ ಎಡಕ್ಕೆ. ಆತನ ಮನೆಗೆ ಹೋಗುವ ಬಸ್ಸೂ ಅಲ್ಲೇ. ಮಾರ್ಕೆಟ್ಟಿಗೆ ಹೋಗುವುದೂ ಅಲ್ಲೇ.

ಕ್ಯಾಮೆರಾ ಕಡೆ ಒಂದು ಸಲವೂ ತಲೆಯೆತ್ತಲಿಲ್ಲ.

ಬೆಳಗ್ಗೆ ನನಗೆ ಏನೂ ಹೇಳಲಿಲ್ಲ. ಆರು ತಿಂಗಳಲ್ಲಿ ಒಬ್ಬರೇ ಹೊರಗೆ ಹೋಗಿದ್ದು ಇದೇ ಮೊದಲು.

ಬಡಗಿಗೆ ಫೋನ್ ಮಾಡಿ ಹಿಂದೆ ಹೋಗಲು ಹೇಳಬಹುದು. ನಂಬರ್ ಅರ್ಧ ಒತ್ತಿದ್ದೆ. ಬಿಟ್ಟೆ.

11:25. ಗೇಟು ಖಾಲಿ.

12:10. ಖಾಲಿಯೇ. ನನಗೆ ಹಠ ಬಂದಿದೆ ಈಗ, ನನ್ನ ಮೇಲೆಯೇ. ಕೇಳುವುದಿಲ್ಲ. ಸಂಜೆ ಮನೆಗೆ ಹೋದ ಮೇಲೂ ಕೇಳುವುದಿಲ್ಲ. ಎಲ್ಲಿಗಾದರೂ ಹೋಗಲಿ, ಮಗನ ಮನೆಗೇ ಹೋಗಿರಲಿ, ಅವರ ಕಾಲು ಅವರದು. ಬಂದು ಅವರಾಗಿ ಹೇಳಿದರೆ ಸರಿ, ಹೇಳದಿದ್ದರೆ— ಲೈನ್ ಕೊಟ್ಟ ಮೇಲೆ ಕಿವಿ ತೆಗೆಯಬೇಕು.