ಹನ್ನೊಂದನೆಯ ತೂಬಿಗೆ ಒಂದು ಯಂತ್ರ

ಫೆಬ್ರವರಿ ಮೂವತ್ತು, 2203
ತುಂಗಭದ್ರಾ ಎಡದಂಡೆ

...ತೂಕ ತಕ್ಕಡಿಗಿ ಗೊತ್ತಾಗಂಗಿಲ್ಲ, ಮೂರನೇ ಹರದಾರಿಗಿ ಗೊತ್ತಾಗತೈತಿ ಎಂದೋ, ನಾಲ್ಕನೆಯದಕ್ಕೆ ಎಂದೋ ನನ್ನ ಗುರು ಹಸೀನಾಬಿ ಹೇಳುತ್ತಿದ್ದರು. ಒಂದು ಹರದಾರಿ ಎಂದರೆ ಒಂದು ಗಂಟೆಯ ನಡಿಗೆ. ಅವರು ಹೇಳಿದ್ದು ಎಷ್ಟನೆಯದು ಎಂಬುದು ಮರೆತಿದೆ.

ಮೇಲಿನ ತಾರೀಖನ್ನು ತಪ್ಪೆಂದುಕೊಳ್ಳಬೇಡಿ. ನಮ್ಮ ತಿಂಗಳುಗಳಿಗೆಲ್ಲ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಹೊರಗೆ ನಿಂತಿರುತ್ತವೆ. ನನ್ನ ಕೆಲವು ಮಾತುಗಳೂ ನಿಮಗೆ ಹಾಗೆ ಹೊರಗಿನವು ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಾಲದ ಕಡತಗಳಲ್ಲಿ ನೀವು ಬರೆದ ನಾಲ್ಕು ಸಾಲು ಉಳಿದಿವೆ: ಸಾಫ್ಟ್‌ವೇರ್ ಬರೆಯುವ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಪ್ರಯಾಣ, ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಯಾರನ್ನೋ ಕೇಳಿದ್ದೀರಿ. ಬಂದ ಉತ್ತರಗಳು ಉಳಿದಿಲ್ಲ. ನಾಳೆ ಬೆಳಿಗ್ಗೆ ಅದೇ ಪ್ರಶ್ನೆಗೆ ನಾನು ಉತ್ತರ ಕೊಡಬೇಕಾಗಿದೆ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನಾನು ತೂಬುನಡೆಯವನು. ಕಾಲುವೆಯ ದಂಡೆಗುಂಟ ನಡೆದು, ತೂಬುಗಳ ಬಾಗಿಲನ್ನು ಏರಿಸಿ ಇಳಿಸುವ ಪ್ರೋಗ್ರಾಮುಗಳನ್ನು ತಿದ್ದುವವರಿಗೆ ಈ ಹೆಸರು. ರಸ್ತೆಗಳು ಜೌಗಿನಲ್ಲಿ ಕುಸಿದು ಬಹಳ ಕಾಲವಾಯಿತು. ಹನ್ನೊಂದು ತೂಬುಗಳು ನನ್ನ ಪಾಲಿಗಿವೆ. ಬುತ್ತಿ, ಕಂಬಳಿ, ಯಂತ್ರ ಬೆನ್ನ ಮೇಲೆ. ಹೊಸ ಯಂತ್ರಗಳು ಅಪರೂಪವಾದ್ದರಿಂದ ಒಬ್ಬರಿಗೆ ಒಂಬತ್ತು ವರ್ಷಕ್ಕೆ ಒಂದೇ, ನಡುವೆ ಬದಲಿಸುವಂತಿಲ್ಲ. ಆರಿಸುವ ಮೊದಲು ಮರಳುನಡೆ ಎಂಬ ಪದ್ಧತಿಯಿದೆ: ಯಂತ್ರದಷ್ಟೇ ತೂಕದ ಮರಳಿನ ಚೀಲವನ್ನು ಮೂರು ದಿನ ಹೊತ್ತು ನಡೆದು, ನಾಲ್ಕನೆಯ ದಿನ ಕಾಲುವೆ ಕಚೇರಿಯಲ್ಲಿ ಯಾವುದು ಬೇಕೆಂದು ಹೇಳುವುದು.

ಕಳೆದ ಸಲ ನನ್ನ ಮುಂದೆ ಎರಡಿದ್ದವು. ದಪ್ಪನೆಯದು ಬಿಡಿ ಬ್ಯಾಟರಿಗಳೂ ಸೇರಿ ಐದು ಕಿಲೊ; ಪ್ರೋಗ್ರಾಂ ಕಟ್ಟಲು, ಅಂದರೆ ಬರೆದ ಸಾಲುಗಳನ್ನು ತೂಬು ನಡೆಸುವ ರೂಪಕ್ಕೆ ತರಲು, ಬೇಕಾದದ್ದೆಲ್ಲ ಅದರ ಒಡಲಲ್ಲೇ ಇರುತ್ತದೆ. ತೆಳ್ಳನೆಯದು ಒಂದು ಕಿಲೊಗಿಂತಲೂ ಕಡಿಮೆ. ಬರೆದದ್ದನ್ನು ಮೇಲುದಾರದ ಮೂಲಕ, ಅಂದರೆ ಆಕಾಶದ ಸಂಪರ್ಕದ ಮೂಲಕ, ದೂರದ ಯಂತ್ರಗಳಿಗೆ ಕಳಿಸಿ ಕಟ್ಟಿಸಿಕೊಳ್ಳುತ್ತದೆ. ನನ್ನ ಭುಜ ತೆಳ್ಳನೆಯದನ್ನು ಆರಿಸಿತು. ಮರಳು ಭುಜವನ್ನಷ್ಟೇ ಕೇಳುತ್ತದೆ, ಕೆಲಸವನ್ನು ಕೇಳುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಸೀನಾಬಿಗೆ ಹೊಳೆದಿತ್ತೇನೋ; ಅವರು ಕೊನೆಯವರೆಗೂ ದಪ್ಪನೆಯದನ್ನೇ ಹೊತ್ತರು.

ಹನ್ನೊಂದನೆಯ ತೂಬು ಎಲ್ಲಕ್ಕಿಂತ ದೂರದ್ದು. ಅದನ್ನು ಕಾಯುವವಳು ನೀಲವ್ವ, ಅರವತ್ತು ದಾಟಿದವಳು. ನನ್ನ ಹೊಸ ಯಂತ್ರವನ್ನು ಬೆರಳಿನಿಂದ ತಟ್ಟಿ, "ಇದೇನೋ ಯಪ್ಪಾ, ಹಂಚೋ ಏನು? ಇದರ ಮ್ಯಾಲ ರೊಟ್ಟಿ ಬೇಯತಾವೇನು?" ಎಂದು ನಕ್ಕಿದ್ದಳು. ಇಲ್ಲ ಯವ್ವಾ ಎಂದದ್ದಕ್ಕೆ, "ಹಂಗಾರ ನನ್ನ ಹಂಚ ಛಲೋ ಬಿಡು" ಎಂದಳು.

ಎರಡು ವರ್ಷದ ಮೇಲೆ ಒಂದು ಮಳೆಗಾಲ, ಕಾಲುವೆಗೆ ನೀರು ಒಮ್ಮೆಲೇ ನುಗ್ಗಿತು. ಮಟ್ಟವನ್ನು ತಪ್ಪಾಗಿ ಓದುತ್ತಿದ್ದ ಪ್ರೋಗ್ರಾಂ ಹನ್ನೊಂದನೆಯ ಬಾಗಿಲನ್ನು ತೆರೆದೇ ಇಟ್ಟಿತ್ತು, ಕೆಳಗೆ ಮನೆಗಳಿದ್ದವು. ತಿದ್ದಬೇಕಾದದ್ದು ಎರಡು ಸಾಲು. ತಿದ್ದಿದೆ. ಆದರೆ ಮೋಡ ದಟ್ಟವಾದ ದಿನ ಮೇಲುದಾರ ಕಡಿಯುತ್ತದೆ, ತಿದ್ದಿದ್ದನ್ನು ಕಟ್ಟಿಸಿಕೊಳ್ಳಲು ದಾರಿಯಿರಲಿಲ್ಲ. ಸರಿಯಾದ ಸಾಲುಗಳು ಪರದೆಯ ಮೇಲೆ ನಿಂತಿದ್ದವು, ನಾನು ಅವುಗಳ ಮುಂದೆ ನಿಂತಿದ್ದೆ. "ಸರಿ ಅತ್ತಾಗ" ಎಂದು ನನ್ನನ್ನು ಬದಿಗೆ ತಳ್ಳಿ ನೀಲವ್ವ, ಬಾಗಿಲನ್ನು ಕೈಯಿಂದ ಇಳಿಸುವ ಕಬ್ಬಿಣದ ಚಕ್ರಕ್ಕೆ ಕೈ ಹಾಕಿದಳು. ನಾನೂ ಸೇರಿಕೊಂಡೆ. ಬಾಗಿಲು ಮುಚ್ಚಿತು, ಆದರೆ ಅದಕ್ಕೂ ಮೊದಲು ಒಮ್ಮೆ ನೀರಿನ ಒತ್ತಡಕ್ಕೆ ಚಕ್ರ ಹಿಂದಕ್ಕೆ ತಿರುಗಿ ಅವಳ ಮಣಿಕಟ್ಟು ಮುರಿಯಿತು. ಬಲಗೈಯ ಬೆರಳುಗಳು ಇಂದಿಗೂ ಮಡಚುವುದಿಲ್ಲ. ಬಟ್ಟೆ ಸುತ್ತುತ್ತ ನಾನು ಏನನ್ನೋ ತೊದಲಿದಾಗ, "ಸುಮ್ಕಿರಪ. ಬಂದಿಯಲ್ಲ, ಅಷ್ಟ ಸಾಕು" ಎಂದಳು. ಅದು ಸಮಾಧಾನದ ಮಾತೋ, ನಿಜವೋ, ನಾನು ಕೇಳಲಿಲ್ಲ.

ಈಗ ಒಂಬತ್ತು ವರ್ಷ ಮುಗಿದಿದೆ. ನನಗೆ ಐವತ್ನಾಲ್ಕು, ಎಡಭುಜದ ಕೀಲು ಸವೆದಿದೆ. ಈ ಸಲ ಐದು ಕಿಲೊ ಮರಳನ್ನೇ ಹೊತ್ತೆ. ಎಂಟನೆಯ ತೂಬಿನ ಕಟ್ಟೆಯ ಮೇಲೆ ಕುಳಿತವನಿಗೆ ಮತ್ತೆ ಏಳಲಾಗಲಿಲ್ಲ. ದಪ್ಪನೆಯದನ್ನು ಆರಿಸಿದರೆ ಕೊನೆಯ ಮೂರು ತೂಬುಗಳನ್ನು ಬಿಟ್ಟುಕೊಡಬೇಕು. ಅಲ್ಲಿಗೆ ಬೇರೆ ಯಾರೂ ಸಿಕ್ಕಿಲ್ಲ, ಸಿಗುವ ಸೂಚನೆಯೂ ಇಲ್ಲ. ತೆಳ್ಳನೆಯದಾದರೆ ಹನ್ನೊಂದಕ್ಕೂ ಹೋಗುತ್ತೇನೆ. ಆಕಾಶ ತಿಳಿಯಾಗಿದ್ದ ದಿನ ಕೆಲಸವೂ ಆಗುತ್ತದೆ.

ನಿಮ್ಮ ಕಾಲದವರು ಅಂಗಡಿಯಲ್ಲಿ ಒಂದು ಸಲ ಎತ್ತಿ ನೋಡಿ ತೀರ್ಮಾನಿಸುತ್ತಿದ್ದರಂತೆ. ಒಂದು ಕೋರಿಕೆಯಿದೆ: ಎತ್ತುವ ಮೊದಲು ಸಂಪರ್ಕ ಕಡಿದು, ಅದರಲ್ಲಿ ಒಂದು ದಿನ ನಿಮ್ಮ ನಿಜವಾದ ಕೆಲಸ ಮಾಡಿ ನೋಡಿ. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ಇದಕ್ಕಿಂತ ಹೆಚ್ಚು ತಿಳಿದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಮುಂದಿನ ಮಳೆಗೆ ನೀಲವ್ವನ ಬಾಗಿಲಲ್ಲಿ ಬರಿಗೈಯಲ್ಲಿ ನಿಲ್ಲುವವನೊಬ್ಬ, ಎಲ್ಲವನ್ನೂ ಹೊತ್ತು ಮೂರು ತೂಬು ಈಚೆಗೇ ಕುಳಿತಿರುವವನೊಬ್ಬ; ಇಬ್ಬರೂ ನಾನೇ. ನೀವಾಗಿದ್ದರೆ ಅವಳ ಬಳಿಗೆ ಯಾರನ್ನು ಕಳಿಸುತ್ತಿದ್ದಿರಿ?