ಮುಡಿಯ ಮಾತು

೧೨-೧-೨೦೨೫, ಭಾನುವಾರ

ರಾಜಿ ಮಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೀಸೆ ತಿರುವುತ್ತಲೇ ಬಾಗೂರಿಗೆ ಹೋದೆ. ಅಕ್ಕನ ಮಗ ಹನುಮೇಶನಿಗೂ ಚೈತ್ರಾಗೂ ಮದುವೆಯಾಗಿಲ್ಲ, ಮಗಳಿದ್ದಾಳೆ. ಕೂಸು ಚೈತ್ರಾಳ ತವರಲ್ಲೇ ಇದೆ; ಹನುಮೇಶ ಭಾನುವಾರ ಬಂದು ಆಡಿಸಿ ಹೋಗಲು ಬಿಡುತ್ತಿದ್ದರು. ಇವತ್ತು ಅವನ ಜೊತೆ ನಾನೂ ಕೂತು, ಚೈತ್ರಾಳ ತಾಯಿ ರೇಣುಕಮ್ಮನನ್ನು ನಗಿಸಿ ಟೀ ಕುಡಿದೆ. ಅಷ್ಟಕ್ಕೇ ಏಳಬೇಕಿತ್ತು.

“ಕೂಸಿನ ಮೊದಲ ಮುಡಿ ಅಪ್ಪನ ಮನೆದೇವ್ರಿಗೇ ಕೊಡ್ಬೇಕು ಕಣವ್ವ” ಎಂದುಬಿಟ್ಟೆ.

ರೇಣುಕಮ್ಮ ಹನುಮೇಶನ ತೊಡೆಯಿಂದ ಮಗುವನ್ನು ಕಿತ್ತುಕೊಂಡಳು. “ತಾಳಿ ಕಟ್ಟದೋರಿಗೆ ಮುಡಿ ಬೇಕಾ? ಇವತ್ತು ಮುಡಿ ಅಂತೀರಿ, ನಾಳೆ ಕೂಸೇ ನಮ್ದು ಅಂತೀರಿ. ಕೋರ್ಟಿಗಾದ್ರೂ ಹೋಗ್ರಿ, ಈ ಕಡೆ ಬರಬ್ಯಾಡ್ರಿ.”

ಬಸ್ಸಿನಲ್ಲಿ ಹನುಮೇಶ, “ಮಾವ, ಈಗೀಗ ನನ್ನ ಕಂಡ್ರೆ ಅಳ್ತಿರಲಿಲ್ಲ ಕೂಸು” ಎಂದ.

ಊರೆಲ್ಲ ಹೆದರುವ ಬಾಯಿ ನನ್ನದು. ಹೊಸದುರ್ಗ ಬರುವವರೆಗೂ ಕಿಟಕಿಯಾಚೆಯ ತೆಂಗಿನ ಮರ ಎಣಿಸಿದೆ. ಅವನೀಗ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ನಿದ್ದೆ ಬಂದಿಲ್ಲ. ಹೋಗಿ ಏನಂತ ಹೇಳಲಿ?