ತಾತ ಆಡಿದ ಒಂದೇ ಮಾತು

ರೋಮ್,
ಏಪ್ರಿಲ್ ನಡುವಿನ ಇಡೆಸ್ ದಿನಕ್ಕೆ ಇನ್ನು ಮೂರು ದಿನ

ತೀಬುರ್ ಊರಿನಲ್ಲಿ ಉಣ್ಣೆ ನೂಲುವವರಲ್ಲೆಲ್ಲ ಬಾಯಿ ಜೋರಾದ ನನ್ನ ಅವ್ವನಿಗೆ, ಮಹಾ ಇತಿಹಾಸಕಾರ ವಿಬೇನುಸ್ ಧಣಿಗಳ ಮಹಾ ಲಿಪಿಕಾರನೂ ನಿನ್ನ ಮಗನೂ ಆದ ಪಾಂತೋ ಮಾಡುವ ನಮಸ್ಕಾರಗಳು. ಮೂಗಿಗೂ ಶಾಯಿ ಮೆತ್ತಿಕೊಂಡು ಕ್ಷೇಮವಾಗಿದ್ದೇನೆ.

ಶುಭ ಸಮಾಚಾರ: ನಮ್ಮ ತಾತ ಲ್ಯಾಟಿನ್ ಕಲಿತ! ಸತ್ತು ಮೂವತ್ತು ವರ್ಷವಾದ ಮೇಲೆ. ಧಣಿಗಳು ದಾಲ್ಮೇಷಿಯಾದ ಯುದ್ಧದ ಕಥೆಗೆ ಬಂದಿದ್ದಾರೆ. ನಮ್ಮ ಕೋಟೆ ಬಿದ್ದ ಬೆಳಿಗ್ಗೆ ನಾಯಕ ವೆರ್ಸೋ, ಅಂದರೆ ನಿನ್ನ ಅಪ್ಪ, ಬಂಡೆ ಹತ್ತಿ ಎರಡು ಅಂಕಣ ಭಾಷಣ ಬಿಗಿಯುತ್ತಾನೆ. ಸ್ವಾತಂತ್ರ್ಯ, ಸಂಕೋಲೆ, ರೋಮಿನ ದುರಾಸೆ, ಎಲ್ಲ ಮೂರು ಮೂರು ಸಲ. ರೋಮನ್ನರ ದೇವರು ಹರ್ಕ್ಯುಲಿಸನ ಮೇಲೆ ಆಣೆ ಬೇರೆ! ರೋಮನ್ನರನ್ನು ಬಯ್ಯುವುದನ್ನೂ ರೋಮನ್ನರಿಂದಲೇ ಕಲಿಯಬೇಕು ನೋಡು.

ಮುಖ ಗಂಭೀರ ಮಾಡಿಕೊಂಡು, "ಧಣಿ, ಅವರು ನಿಜವಾಗ್ಲೂ ಹೀಗೇ ಅಂದ್ರಾ?" ಎಂದು ಕೇಳಿದೆ. "ಏನಂದ ಅಂತ ಯಾರಿಗಯ್ಯಾ ಗೊತ್ತು? ಏನನ್ನಬೇಕಿತ್ತೋ ಅದನ್ನ ಬರೀಬೇಕು. ಶತ್ರು ಚೆನ್ನಾಗಿ ಮಾತಾಡಿದ್ರೆ ತಾನೇ ಗೆದ್ದೋರಿಗೆ ಮರ್ಯಾದೆ" ಎಂದರು.

ನಿನಗೆ ಗೊತ್ತು, ಅವ್ವಾ. ಆರು ವರ್ಷದ ನೀನು ತಾತನ ಪಕ್ಕದಲ್ಲೇ ನಿಂತಿದ್ದೆ. ನೂಲುತ್ತಾ ನೂರು ಸಲ ಹೇಳಿದ್ದೀಯ.

ನಾಳೆ ಊರಿನ ದೊಡ್ಡವರ ಮುಂದೆ ಇದರ ವಾಚನ. ಧಣಿಗಳಿಗೆ ಗಂಟಲು ಕಟ್ಟಿದೆ, ಓದುವವನು ನಾನು. ಭಾಷಣದ ಕೊನೆಗೆ ತಾತ ನಿಜವಾಗಿ ಆಡಿದ ಮಾತನ್ನು ಸೇರಿಸುತ್ತೇನೆ. ಸಿಕ್ಕಿಬಿದ್ದರೆ ಈ ಬೇಸಿಗೆಗೆ ಧಣಿಗಳು ಕೊಡುತ್ತೇನೆಂದ ಗುಲಾಮಗಿರಿಯ ಬಿಡುಗಡೆ ಹೋಯಿತು, ಬೆನ್ನಿನ ಚರ್ಮವೂ ಹೋಯಿತು. "ತೆಪ್ಪಗಿರೋ, ಕೋತಿ!" ಎಂದು ನೀನು ಕೂಗುವುದು ಇಲ್ಲಿಗೇ ಕೇಳಿಸುತ್ತಿದೆ. ತೆಪ್ಪಗಿರುವುದಿಲ್ಲ. ಇಷ್ಟು ವರ್ಷ ಅವರು ಹೇಳಿದ್ದನ್ನೆಲ್ಲ ಬರೆದುಕೊಟ್ಟಿದ್ದೇನೆ. ನಮ್ಮದೊಂದು ಸಾಲನ್ನು ಓದಿಯೇ ತೀರುತ್ತೇನೆ.

ಇತಿ, ನಿನ್ನ ಮಾತು ಕೇಳದ ಕೋತಿ,
ಪಾಂತೋ

ತಾ.ಕ.: ಪತ್ರ ಒಯ್ಯುವವನು ಇನ್ನೂ ಹೊರಟಿಲ್ಲ, ಅದಕ್ಕೇ ಇಷ್ಟು. ಓದಿದೆ. ಭಾಷಣಕ್ಕೆ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಆ ಸಾಲು: "ನನ್ನ ಮಗಳ ಮೆಟ್ಟು ಎಲ್ಲಿ? ಕೋಟೆ ಹಿಂದಿನ ದಾರೀಲಿ ಮುಳ್ಳಿದೆ." ಒಬ್ಬರೂ ಕೈ ತಟ್ಟಲಿಲ್ಲ. ಮುಂದೆ ಕೂತಿದ್ದ, ಆ ಯುದ್ಧದಲ್ಲಿ ಕಾದಿದ್ದ ಮುದಿ ಸೇನಾಪತಿ ತಲೆ ತಗ್ಗಿಸಿದವನು ಎತ್ತಲಿಲ್ಲ. ಧಣಿಗಳು ನನ್ನನ್ನು ಪಕ್ಕಕ್ಕೆಳೆದು, "ಇದನ್ನ ನಾನು ಯಾವಾಗ ಬರೆದೆನೋ?" ಎಂದರು. "ಮೊನ್ನೆ ನಿಮಗೆ ಜ್ವರ ಬಂದಿತ್ತಲ್ಲ, ಆಗ, ಧಣಿ" ಎಂದೆ. ನನ್ನ ಮುಖವನ್ನೇ ನೋಡಿ, "ಹಾಗಾದ್ರೆ ಎಲ್ಲ ಪ್ರತಿಗೂ ಸೇರಿಸು" ಎಂದರು. ಸೇರಿಸುತ್ತಿದ್ದೇನೆ, ಎಂಟನೆಯದು ನಡೆಯುತ್ತಿದೆ.

ಅವ್ವಾ, ಆ ಮೆಟ್ಟು ಸಿಕ್ಕಿತ್ತಾ? ಅದೊಂದನ್ನು ನೀನು ಯಾವತ್ತೂ ಹೇಳಲಿಲ್ಲ.